ಕೌಂಟರಿನ ಆಚೆ, ಈಚೆ: ಗರ್ಭನಿರೋಧಕಗಳು ಮತ್ತು ನಮ್ಮೂರಿನ ಔಷಧಿ ಅಂಗಡಿ



ಜನರ ಆರೋಗ್ಯಕ್ಕೆ ಸಂಬಂಧಿಸಿದ ಒಂದು ವಿಷಯವನ್ನು ವರ್ಷಕ್ಕೊಮ್ಮೆ ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಚರ್ಚಿಸಬೇಕು ಎಂಬುದು ಈ ದತ್ತಿ ಉಪನ್ಯಾಸದ ಆಶಯ. ಫಾರ್ಮಸಿ ಪಾಠ ಹೇಳಿಕೊಂಡು ಬಂದವಳು ನಾನು. ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಮೆಡಿಕಲ್ ಶಾಪ್ ಇಟ್ಟಿದ್ದಾರೆ. ಅವರಿಗೆ ತರಗತಿಯಲ್ಲಿ ಅರ್ಧ ಗಂಟೆಯಲ್ಲಿ ಮುಗಿಸಿಬಿಡುತ್ತಿದ್ದ ಒಂದು ಪಾಠವನ್ನು ಈ ಸಂಜೆ ಸಾವಧಾನವಾಗಿ ಎತ್ತಿಕೊಳ್ಳುತ್ತೇನೆ. ಕಾಂಡೋಮ್, ಗರ್ಭನಿರೋಧಕ ಮಾತ್ರೆ, ತುರ್ತು ಮಾತ್ರೆ ಇವು ಅಂಗಡಿಯಲ್ಲಿ ಬೇಕಾದವರ ಕೈಗೆ ಸಿಗುತ್ತಿವೆಯೇ? ಸಿಗದಿದ್ದರೆ ಅಡ್ಡಿ ಯಾವುದು? ಆ ಅಡ್ಡಿಯನ್ನು ತೆಗೆಯಬೇಕಾದವರು ಯಾರು?

ನನ್ನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಇವನ್ನು ಕೊಳ್ಳುವುದಕ್ಕೆ ನಮ್ಮ ದೇಶದ ಕಾನೂನು ಬಹುಮಟ್ಟಿಗೆ ಅಡ್ಡ ಬಂದಿಲ್ಲ. ಅಡ್ಡ ಬಂದಿರುವುದು ನಾಚಿಕೆ, ಅರೆಬರೆ ತಿಳಿವಳಿಕೆ, ಕೌಂಟರಿನ ಹಿಂದೆ ನಿಂತವರ ನೋಟ. ಹೊಸ ಕಾಯ್ದೆಗೆ ಕಾಯದೆ ಅಂಗಡಿಗಳಲ್ಲೇ ಸರಿಪಡಿಸಬಹುದಾದ ಸಂಗತಿಗಳು ಇಲ್ಲಿ ಹೇರಳವಾಗಿವೆ.

ಈ ವಿಷಯದಲ್ಲಿ ನಮ್ಮ ನಾಡು ಹಿಂದುಳಿದದ್ದೇನಲ್ಲ. 1930ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಮೈಸೂರು ಸಂಸ್ಥಾನದ ಸರ್ಕಾರ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶ ಹೊರಡಿಸಿತು. ಸರ್ಕಾರವೇ ನಡೆಸಿದ ಇಂಥ ಚಿಕಿತ್ಸಾಲಯಗಳಲ್ಲಿ ಜಗತ್ತಿನಲ್ಲೇ ಮೊದಲನೆಯವು ಎಂದು ಇವನ್ನು ಗುರುತಿಸುತ್ತಾರೆ. ಅದಕ್ಕೂ ಮುಂಚೆ, 1921ರಲ್ಲಿ, ಮುಂಬೈಯಲ್ಲಿ ರಘುನಾಥ ಧೋಂಡೋ ಕರ್ವೆ ತಮ್ಮದೇ ಚಿಕಿತ್ಸಾಲಯ ತೆರೆದಿದ್ದರು. ಗಣಿತದ ಅಧ್ಯಾಪಕರಾಗಿದ್ದ ಅವರು ಈ ಕೆಲಸಕ್ಕಾಗಿ ಉದ್ಯೋಗವನ್ನೇ ಕಳೆದುಕೊಂಡರು. ಆದರೂ ಎದೆಗುಂದದೆ 1927ರಿಂದ 1953ರವರೆಗೆ ‘ಸಮಾಜ ಸ್ವಾಸ್ಥ್ಯ’ ಪತ್ರಿಕೆ ನಡೆಸಿದರು. 1952ರಲ್ಲಿ ಸ್ವತಂತ್ರ ಭಾರತ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಕೈಗೆತ್ತಿಕೊಂಡಿತು. ಬೇರೆ ಯಾವ ದೇಶವೂ ಆಗ ಅಂಥ ಕಾರ್ಯಕ್ರಮವನ್ನು ಹೊಂದಿರಲಿಲ್ಲ.

ಆದರೆ ಗರ್ಭನಿರೋಧಕ ಊರೂರಿನ ಅಂಗಡಿಗೆ ಬಂದದ್ದು 1968ರಲ್ಲಿ, ‘ನಿರೋಧ್’ ಕಾಂಡೋಮಿನ ಮೂಲಕ. ಆ ಕಥೆಯನ್ನು ಫಾರ್ಮಸಿ ವಿದ್ಯಾರ್ಥಿಗಳು ಅವಶ್ಯವಾಗಿ ತಿಳಿದಿರಬೇಕು. ಅಲ್ಲಿಯವರೆಗೆ ಕಾಂಡೋಮ್ ಪಟ್ಟಣದ ಕೆಲವೇ ಔಷಧಿ ಅಂಗಡಿಗಳಲ್ಲಿ ಸಿಗುತ್ತಿದ್ದ ದುಬಾರಿ ಪದಾರ್ಥ. ಹಳ್ಳಿಯವರಿಗೆ ತಲುಪಿಸಬೇಕಾದರೆ ಹಳ್ಳಿಗೆ ಆಗಲೇ ಹೋಗುತ್ತಿರುವ ಗಾಡಿಯನ್ನೇ ಹಿಡಿಯಬೇಕು ಎಂದು ಯೋಜಕರು ಯೋಚಿಸಿದರು. ಚಹಾಪುಡಿ, ಸೋಪು, ಸಿಗರೇಟು, ಬ್ಯಾಟರಿ ಸೆಲ್ಲು ಮಾರುತ್ತಿದ್ದ ಕಂಪನಿಗಳಿಗೆ ವಿತರಣೆಯ ಕೆಲಸ ಒಪ್ಪಿಸಿದರು. ಬ್ರೂಕ್ ಬಾಂಡ್, ಲಿಪ್ಟನ್, ಹಿಂದುಸ್ತಾನ್ ಲಿವರ್, ಟಾಟಾ ಆಯಿಲ್ ಮಿಲ್ಸ್, ಯೂನಿಯನ್ ಕಾರ್ಬೈಡ್‌ಗಳ ಮಾರಾಟಗಾರರು ಸೋಪು, ಚಹಾಪುಡಿಗಳ ಜೊತೆಗೆ ನಿರೋಧ್ ಪೆಟ್ಟಿಗೆಯನ್ನೂ ಕಿರಾಣಿ ಅಂಗಡಿಗೆ, ಬೀಡಾ ಅಂಗಡಿಗೆ ಮುಟ್ಟಿಸಿದರು. ಬೆಲೆ ಮೂರಕ್ಕೆ 15 ಪೈಸೆ. ಸರ್ಕಾರ ಸಹಾಯಧನ ಕೊಟ್ಟು ಬೆಲೆಯನ್ನು ಅಷ್ಟಕ್ಕೆ ಇಳಿಸಿತ್ತು. ಮೊದಮೊದಲು ಮಾಲು ಹೊರದೇಶದಿಂದ ಬರುತ್ತಿತ್ತು. 1969ರಲ್ಲಿ ತಿರುವನಂತಪುರದ ಹಿಂದುಸ್ತಾನ್ ಲ್ಯಾಟೆಕ್ಸ್ ಕಾರ್ಖಾನೆ ಇಲ್ಲೇ ತಯಾರಿಸಲು ಶುರುಮಾಡಿತು. ಅದೇ ಸಾರ್ವಜನಿಕ ಉದ್ಯಮದ ಇನ್ನೊಂದು ಕಾರ್ಖಾನೆ ನಮ್ಮ ಬೆಳಗಾವಿ ಜಿಲ್ಲೆಯ ಕಣಗಲಾದಲ್ಲಿದೆ. ಕಾಂಡೋಮೂ ಗರ್ಭನಿರೋಧಕ ಮಾತ್ರೆಗಳೂ ಅಲ್ಲಿ ತಯಾರಾಗುತ್ತವೆ.

ಐವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಚಹಾಪುಡಿ ಹೋದಲ್ಲೆಲ್ಲ ಕಾಂಡೋಮ್ ಹೋಗಬಲ್ಲದು ಎಂದು ತೋರಿಸಿಕೊಟ್ಟ ದೇಶ ನಮ್ಮದು. ಇಷ್ಟಿದ್ದೂ ಇಂದಿನ ಸ್ಥಿತಿ ಹೇಗಿದೆ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ನೋಡಿ. ದೇಶದ ವಿವಾಹಿತ ದಂಪತಿಗಳಲ್ಲಿ ಮಹಿಳೆಯ ಶಸ್ತ್ರಚಿಕಿತ್ಸೆಯನ್ನು ಅವಲಂಬಿಸಿದವರು ಶೇ. 37.9. ಕಾಂಡೋಮ್ ಬಳಸುವವರು ಶೇ. 9.5, ಮಾತ್ರೆ ಬಳಸುವವರು ಶೇ. 5.1. ಪುರುಷರ ಶಸ್ತ್ರಚಿಕಿತ್ಸೆ ಶೇ. 0.3. ಕರ್ನಾಟಕದಲ್ಲಿ ಈ ಓರೆ ಇನ್ನೂ ಹೆಚ್ಚು: ಮಹಿಳೆಯ ಶಸ್ತ್ರಚಿಕಿತ್ಸೆ ಸುಮಾರು ಶೇ. 57. ನಮ್ಮ ಕಡೆ ‘ಆಪರೇಷನ್ ಆಯ್ತಾ?’ ಎಂದು ಕೇಳಿದರೆ ಯಾವ ಆಪರೇಷನ್ ಎಂದು ಯಾರೂ ಮರುಪ್ರಶ್ನೆ ಹಾಕುವುದಿಲ್ಲ, ಯಾರಿಗೆ ಎಂದೂ ಕೇಳುವುದಿಲ್ಲ. ಗರ್ಭನಿರೋಧ ಹೆಂಗಸರ ವ್ಯವಹಾರ, ಗಂಡಸು ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ ಎಂಬ ಮಾತಿಗೆ ಅದೇ ಸಮೀಕ್ಷೆಯಲ್ಲಿ ಮೂವರಲ್ಲಿ ಒಬ್ಬ ಗಂಡಸು ಹೌದೆಂದಿದ್ದಾನೆ.

ಶಸ್ತ್ರಚಿಕಿತ್ಸೆಯನ್ನು ನಾನು ಹಳಿಯುತ್ತಿಲ್ಲ. ಮಕ್ಕಳು ಸಾಕು ಎಂದು ತಿಳಿದು ನಿರ್ಧರಿಸಿದವರಿಗೆ ಅದು ಒಳ್ಳೆಯ ವಿಧಾನ. ಕೇಳಬೇಕಾದದ್ದು ಬೇರೆ. ಮದುವೆಯಾಗಿ ಮೊದಲ ಮಗುವಿಗೆ ಮುಂಚೆ ಎರಡು ವರ್ಷ ಕಾಯಬೇಕೆಂದವಳು ಏನು ಮಾಡಬೇಕು? ಒಂದು ಹೆರಿಗೆಗೂ ಇನ್ನೊಂದಕ್ಕೂ ಅಂತರ ಬೇಕೆಂದವಳು? ಹೆರಿಗೆಯಾದ ಮೇಲೆ ಮುಂದಿನ ಗರ್ಭಕ್ಕೆ ಕನಿಷ್ಠ 24 ತಿಂಗಳು ಕಾಯುವುದು ತಾಯಿಗೂ ಮಗುವಿಗೂ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಅಂಥ ದೇಹಕ್ಕೆ ಬೆನ್ನುಬೆನ್ನಿಗೆ ಬರುವ ಬಸಿರು ಎಷ್ಟು ಭಾರ ಎಂಬುದನ್ನು ನರ್ಸಿಂಗ್ ವಿದ್ಯಾರ್ಥಿನಿಯರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಅಂತರ ಕೊಡುವ ವಿಧಾನಗಳಲ್ಲಿ ಗರ್ಭಕೋಶದೊಳಗೆ ಇಡುವ ವಂಕಿ ಮತ್ತು ‘ಅಂತರ’ ಚುಚ್ಚುಮದ್ದು ಆಸ್ಪತ್ರೆಯಲ್ಲಿ ಸಿಗುವಂಥವು. ಕಾಂಡೋಮ್ ಮತ್ತು ಮಾತ್ರೆ ಅಂಗಡಿಯಲ್ಲಿ ಸಿಗುವಂಥವು. ಅಂಗಡಿಯ ಬಾಗಿಲು ಸಲೀಸಾಗಿ ತೆರೆಯದಿದ್ದರೆ ಹೆಣ್ಣಿಗೆ ಕೊನೆಗೆ ಉಳಿಯುವುದು ಎರಡೇ ದಾರಿ: ಬೇಡದ ಬಸಿರು, ಇಲ್ಲವೇ ಎಳೆಯ ವಯಸ್ಸಿನಲ್ಲೇ ಆಪರೇಷನ್ ಮೇಜು.

ಆ ಮೇಜಿನ ಇತಿಹಾಸವನ್ನೂ ನೆನೆಯಬೇಕು. ತುರ್ತು ಪರಿಸ್ಥಿತಿಯಲ್ಲಿ, 1976-77ರ ಒಂದೇ ವರ್ಷದಲ್ಲಿ, ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು; ಬಲವಂತದ ಕಥೆಗಳು ಇಂದಿಗೂ ಹಳೆಯ ತಲೆಮಾರಿನ ನೆನಪಿನಲ್ಲಿವೆ. ಗಂಡಸರು ಆ ಶಸ್ತ್ರಚಿಕಿತ್ಸೆಯಿಂದ ದೂರ ಸರಿದದ್ದು ಆಗ. ಹೊರೆಯೆಲ್ಲ ಹೆಂಗಸರ ಮೇಲೆ ಬಿತ್ತು. 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರ ಜಿಲ್ಲೆಯ ಶಿಬಿರವೊಂದರಲ್ಲಿ ಕೆಲವೇ ಗಂಟೆಗಳಲ್ಲಿ 83 ಮಹಿಳೆಯರಿಗೆ ಶಸ್ತ್ರಚಿಕಿತ್ಸೆ ಮಾಡಲಾಯಿತು. ಅವರಲ್ಲಿ ಹಲವರು ಸತ್ತರು. ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟು ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಬೇಕೆಂದು ಹೇಳಿತು. ಶಿಬಿರ ನಿಂತರೆ ಸಾಲದು. ಅದರ ಜಾಗದಲ್ಲಿ ಆಯ್ಕೆಗಳು ಬರಬೇಕು. ಆ ಆಯ್ಕೆಗಳು ಮನೆಗೆ ಹತ್ತಿರದಲ್ಲಿ ಸಿಗಬೇಕಾದ ಜಾಗ ಅಂಗಡಿ.

ಕಾನೂನು ಏನು ಹೇಳುತ್ತದೆ? ಕಾಂಡೋಮ್ ಮಾರಲು ಔಷಧ ಪರವಾನಗಿ ಬೇಕಿಲ್ಲ. 1945ರ ಔಷಧ ನಿಯಮಗಳ ‘ಕೆ’ ಶೆಡ್ಯೂಲಿನಲ್ಲಿ, ಕಡಿಮೆ ಪ್ರಮಾಣದ ಹಾರ್ಮೋನಿರುವ ಕೆಲವು ಗರ್ಭನಿರೋಧಕ ಮಾತ್ರೆಗಳಿಗೂ ಹಾರ್ಮೋನಿಲ್ಲದ ಸೆಂಟ್‌ಕ್ರೋಮನ್ ಮಾತ್ರೆಗೂ ಮಾರಾಟ ಪರವಾನಗಿಯಿಂದ ವಿನಾಯಿತಿಯಿದೆ. ತುರ್ತು ಮಾತ್ರೆಯನ್ನು, ಅಂದರೆ ಲೆವೊನಾರ್ಜೆಸ್ಟ್ರೆಲನ್ನು, 2005ರಿಂದ ಡಾಕ್ಟರ ಚೀಟಿಯಿಲ್ಲದೆ ಕೊಳ್ಳಬಹುದು. ಕಾಂಡೋಮ್ ಮತ್ತು ಗರ್ಭನಿರೋಧಕಗಳ ಮೇಲೆ ಜಿಎಸ್‌ಟಿ ಇಲ್ಲ. 2011ರಿಂದ ಆಶಾ ಕಾರ್ಯಕರ್ತೆಯರು ಮೂರು ಕಾಂಡೋಮಿಗೆ ಒಂದು ರೂಪಾಯಿ, ತಿಂಗಳ ಮಾತ್ರೆಗೆ ಒಂದು ರೂಪಾಯಿ, ತುರ್ತು ಮಾತ್ರೆಗೆ ಎರಡು ರೂಪಾಯಿ ಪಡೆದು ಮನೆಗೇ ತಂದು ಕೊಡುವ ಯೋಜನೆಯೂ ಬಂತು. ಕಾಗದದ ಮೇಲೆ ನಮ್ಮ ದೇಶ ಸಾಕಷ್ಟು ಉದಾರವಾಗಿದೆ.

ಬೇರೆಡೆ ಇದಕ್ಕೆ ಬಹಳ ಹೋರಾಡಿದ್ದಾರೆ. ಬ್ರಿಟನ್ನಿನಲ್ಲಿ ಪ್ರೊಜೆಸ್ಟೊಜೆನ್ ಮಾತ್ರವಿರುವ ದಿನನಿತ್ಯದ ಮಾತ್ರೆ ಚೀಟಿಯಿಲ್ಲದೆ ಸಿಗತೊಡಗಿದ್ದು 2021ರಲ್ಲಿ. ಅಮೆರಿಕದಲ್ಲಿ ಅಂಥ ಮೊದಲ ಮಾತ್ರೆಗೆ ಒಪ್ಪಿಗೆ ಸಿಕ್ಕಿದ್ದು 2023ರಲ್ಲಿ. ಫ್ರಾನ್ಸ್ 2023ರಿಂದ ಯುವಜನರಿಗೆ ಔಷಧಿ ಅಂಗಡಿಯಲ್ಲೇ ಉಚಿತವಾಗಿ ಕಾಂಡೋಮ್ ಕೊಡುತ್ತಿದೆ. ದಿನನಿತ್ಯದ ಮಾತ್ರೆ ಚೀಟಿಯಿಲ್ಲದೆ ಸಿಗಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ಅವರು ಈಗ ತಲುಪಿದ ಜಾಗವನ್ನು ಕಾನೂನಿನ ಮಟ್ಟಿಗೆ ನಾವು ಮೊದಲೇ ತಲುಪಿದ್ದೆವು. ಬಳಕೆಯ ಮಟ್ಟಿಗೆ ಹೊರಟ ಜಾಗದಲ್ಲೇ ನಿಂತಿದ್ದೇವೆ.

ಏಕೆ? ಸಂಜೆಯ ಹೊತ್ತು, ಮೆಡಿಕಲ್ ಶಾಪಿನ ಮುಂದೆ ಐದಾರು ಜನ. ಹೆಣ್ಣುಮಗಳೊಬ್ಬಳು ಬಂದು ಎಲ್ಲರೂ ಹೋಗಲೆಂದು ಕಾಯುತ್ತಾಳೆ. ಅವರು ಹೋಗುವಷ್ಟರಲ್ಲಿ ಇನ್ನಿಬ್ಬರು ಬರುತ್ತಾರೆ. ಕೊನೆಗೆ ತಲೆನೋವಿನ ಮಾತ್ರೆ ಕೊಂಡು ಹೊರಟುಬಿಡುತ್ತಾಳೆ. ಇದನ್ನು ನೋಡದ ಔಷಧ ವ್ಯಾಪಾರಿ ಈ ಸಭೆಯಲ್ಲಿ ಇರಲಾರರು. ಧೈರ್ಯ ಮಾಡಿ ಕೇಳಿದರೂ ‘ಯಾರಿಗೆ?’, ‘ಮದುವೆ ಆಗಿದ್ಯಾ?’, ‘ಮನೆಯವರನ್ನ ಕಳಿಸಮ್ಮ’ ಎನ್ನುವವರಿದ್ದಾರೆ. ಇನ್ನು ಕೆಲವರು ಇಲ್ಲವೆಂದೇ ಹೇಳಿ ಕಳಿಸುತ್ತಾರೆ. ಕೊಟ್ಟರೂ ಹಳೇ ಪೇಪರಿನಲ್ಲಿ ಸುತ್ತಿ, ಅದನ್ನು ಕಪ್ಪು ಕವರಿನಲ್ಲಿ ಹಾಕಿ, ಕಣ್ಣು ತಪ್ಪಿಸಿ ಕೊಡುತ್ತಾರೆ. ಕಳ್ಳಮಾಲಿನ ಹಾಗೆ ಕೊಟ್ಟದ್ದನ್ನು ಹೇಗೆ ಬಳಸಬೇಕೆಂದು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ.

ಈ ಅಂಜಿಕೆ ಅಂಗಡಿಯವರದಷ್ಟೇ ಅಲ್ಲ. 2017ರ ಡಿಸೆಂಬರಿನಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಕಾಂಡೋಮ್ ಜಾಹೀರಾತುಗಳನ್ನು ಟಿವಿಯಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಮಾತ್ರ ತೋರಿಸಬೇಕೆಂದು ಸೂಚಿಸಿತು. ಒಂದು ಕಾಲಕ್ಕೆ ಊರ ಗೋಡೆಗಳ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬರೆಸುತ್ತಿದ್ದ ಸರ್ಕಾರವೇ ಇದು. ತಮಿಳುನಾಡಿನ ಅನೇಕ ಔಷಧಿ ಅಂಗಡಿಗಳಲ್ಲಿ, ಕಾನೂನಿನ ನಿಷೇಧವಿಲ್ಲದಿದ್ದರೂ, ತುರ್ತು ಮಾತ್ರೆ ವರ್ಷಗಟ್ಟಲೆ ಸಿಗದೆ ಹೋದದ್ದನ್ನು ಪತ್ರಿಕೆಗಳು ಮತ್ತೆ ಮತ್ತೆ ವರದಿ ಮಾಡಿವೆ.

ನಮ್ಮಲ್ಲೂ ಒಂದು ಪ್ರಸಂಗ ನಡೆಯಿತು. 2022ರ ಕೊನೆಯಲ್ಲಿ ಬೆಂಗಳೂರಿನ ಕೆಲವು ಶಾಲೆಗಳಲ್ಲಿ ಮಕ್ಕಳ ಬ್ಯಾಗ್ ಪರೀಕ್ಷಿಸಿದಾಗ ಕಾಂಡೋಮ್, ಗರ್ಭನಿರೋಧಕ ಮಾತ್ರೆ, ಸಿಗರೇಟು ಸಿಕ್ಕವು ಎಂಬ ಸುದ್ದಿ ಬಂತು. ಅದರ ಬೆನ್ನಿಗೆ, 2023ರ ಜನವರಿಯಲ್ಲಿ, ಹದಿನೆಂಟರ ಒಳಗಿನವರಿಗೆ ಇವನ್ನು ಮಾರಬಾರದೆಂದು ರಾಜ್ಯದ ಔಷಧ ನಿಯಂತ್ರಣ ಇಲಾಖೆಯ ಸುತ್ತೋಲೆ ಹೊರಟಿದೆ ಎಂದು ವರದಿಯಾಯಿತು. ಆಕ್ಷೇಪಗಳು ಬಂದ ಮೇಲೆ, ನಿಷೇಧವಿಲ್ಲ, ಔಷಧ ವ್ಯಾಪಾರಿಗಳು ತಿಳಿಹೇಳಬೇಕು ಎಂಬುದಷ್ಟೇ ಉದ್ದೇಶ ಎಂದು ಇಲಾಖೆ ಸ್ಪಷ್ಟಪಡಿಸಿತು. ಆ ಸ್ಪಷ್ಟನೆ ಸರಿಯಾದದ್ದು. ಆದರೆ ಸುತ್ತೋಲೆಯ ಸುದ್ದಿ ಮುಟ್ಟಿದಷ್ಟು ದೂರ ಸ್ಪಷ್ಟನೆಯ ಸುದ್ದಿ ಮುಟ್ಟಿತೇ ಎಂಬುದು ನನ್ನ ಆತಂಕ.

ಹೆತ್ತವರ ಗಾಬರಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ಕೆಲವು ಸತ್ಯಗಳನ್ನು ಎದುರಿಗಿಟ್ಟುಕೊಂಡು ಯೋಚಿಸೋಣ. ಕರ್ನಾಟಕದಲ್ಲಿ 20ರಿಂದ 24ರ ವಯಸ್ಸಿನ ಮಹಿಳೆಯರಲ್ಲಿ ಶೇ. 21ರಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು ಎಂದು ಅದೇ ಸಮೀಕ್ಷೆ ಹೇಳುತ್ತದೆ. ಬಾಲ್ಯವಿವಾಹ ಅಪರಾಧ, ಅದನ್ನು ತಡೆಯಲೇಬೇಕು. ಆದರೆ ತಡೆಯಲು ಸೋತ ಸಮಾಜ ಆ ಹುಡುಗಿಗೆ ಮಾತ್ರೆಯನ್ನೂ ನಿರಾಕರಿಸಿದರೆ ಅವಳಿಗೆ ಎರಡನೇ ಸಲ ಅನ್ಯಾಯ ಮಾಡಿದಂತೆ. ಅಂಗಡಿಯವರು ಇಲ್ಲವೆಂದ ಮಾತ್ರಕ್ಕೆ ಹರೆಯದವರ ಸಂಬಂಧಗಳು ನಿಲ್ಲುವುದಿಲ್ಲ. ಪರಿಣಾಮದ ಹೊರೆ ಹುಡುಗಿಯ ಹೊಟ್ಟೆಗೆ ಬೀಳುತ್ತದೆ. ಹೆದರಿ ನಡುಗುತ್ತಿರುವ ಮಗುವೊಂದು ಅಂಗಡಿಗೆ ಬಂದರೆ, ದೌರ್ಜನ್ಯದ ಸುಳಿವು ಕಂಡರೆ, 1098 ಮಕ್ಕಳ ಸಹಾಯವಾಣಿಯಿದೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರ ಸ್ನೇಹ ಕ್ಲಿನಿಕ್ ಇದೆ. ಆ ದಾರಿ ತೋರಿಸಬಲ್ಲವರು ಮಗುವಿನ ಮಾತನ್ನು ಮೊದಲು ಕೇಳಿಸಿಕೊಂಡವರು. ಬೈದು ಕಳಿಸಿದವರಿಗೆ ಅದು ಸಾಧ್ಯವಿಲ್ಲ.

‘ಡಾಕ್ಟರನ್ನು ಕೇಳದೆ ಮಾತ್ರೆ ನುಂಗಿದರೆ ಅಪಾಯವಲ್ಲವೇ?’ ಎಂಬ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಫಾರ್ಮಸಿಸ್ಟನ ತಿಳಿವಳಿಕೆಯಲ್ಲಿದೆ. ಮಾಲಾ-ಡಿಯಂಥ ಮಾತ್ರೆಯಲ್ಲಿ ಈಸ್ಟ್ರೊಜೆನ್, ಪ್ರೊಜೆಸ್ಟಿನ್ ಎರಡೂ ಇವೆ. ಒಂದು ಸ್ಟ್ರಿಪ್ಪಿನಲ್ಲಿ 21 ಹಾರ್ಮೋನು ಮಾತ್ರೆ, 7 ಕಬ್ಬಿಣಾಂಶದ ಮಾತ್ರೆ. ಇದು ಬಹುಪಾಲು ಆರೋಗ್ಯವಂತ ಮಹಿಳೆಯರಿಗೆ ಸುರಕ್ಷಿತ. ಯಾರಿಗೆ ಸಲ್ಲದು ಎಂಬುದನ್ನು ನಾಲ್ಕೈದು ಪ್ರಶ್ನೆಗಳಲ್ಲಿ ತಿಳಿಯಬಹುದು. ಬಿಪಿ ಇದೆಯೇ? ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದುಂಟೇ? ಕಣ್ಣಮುಂದೆ ಮಿಂಚು ಕಂಡು ಬರುವ ಮೈಗ್ರೇನ್ ಇದೆಯೇ? ವಯಸ್ಸು ಮೂವತ್ತೈದು ದಾಟಿ ಧೂಮಪಾನದ ಅಭ್ಯಾಸವಿದೆಯೇ? ಆರು ತಿಂಗಳೊಳಗಿನ ಕೂಸಿಗೆ ಹಾಲೂಡಿಸುತ್ತಿದ್ದಾರೆಯೇ? ಹೌದೆಂದರೆ ಈ ಮಾತ್ರೆ ಕೊಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಬೇಕು. ಬಿಪಿ ಯಂತ್ರ ಇಂದು ಬಹಳಷ್ಟು ಅಂಗಡಿಗಳಲ್ಲೇ ಇದೆ.

ಇನ್ನೊಂದು ಪ್ರಶ್ನೆ ನಮ್ಮ ದೇಶಕ್ಕೆ ಬಹಳ ಮುಖ್ಯ: ಟಿಬಿ ಔಷಧಿ ತೆಗೆದುಕೊಳ್ಳುತ್ತಿದ್ದೀರಾ? ರಿಫಾಂಪಿಸಿನ್ ಗರ್ಭನಿರೋಧಕ ಮಾತ್ರೆಯ ಹಾರ್ಮೋನನ್ನು ದೇಹ ಬೇಗ ಕರಗಿಸಿಬಿಡುವಂತೆ ಮಾಡುತ್ತದೆ. ಮಾತ್ರೆಯ ಬಲ ಕುಗ್ಗುತ್ತದೆ. ಫೆನಿಟಾಯಿನ್, ಕಾರ್ಬಮಜೆಪಿನ್‌ನಂಥ ಫಿಟ್ಸ್ ಔಷಧಿಗಳದ್ದೂ ಇದೇ ಗುಣ. ಕೊಳ್ಳಲು ಬಂದವರು ಯಾವ ಯಾವ ಔಷಧಿ ನುಂಗುತ್ತಿದ್ದಾರೆಂದು ಬಲ್ಲವರು ಆ ಊರಿನ ಫಾರ್ಮಸಿಸ್ಟೇ ತಾನೆ?

ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ ಸೆಂಟ್‌ಕ್ರೋಮನ್ ಬಗ್ಗೆಯೂ ಒಂದು ಮಾತು. 1991ರಲ್ಲಿ ‘ಸಹೇಲಿ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಇದು ಸರ್ಕಾರಿ ಕಾರ್ಯಕ್ರಮದಲ್ಲಿ ‘ಛಾಯಾ’ ಎಂದು ಸಿಗುತ್ತದೆ. ಇದರಲ್ಲಿ ಹಾರ್ಮೋನಿಲ್ಲ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಹಾಲೂಡಿಸುವ ತಾಯಂದಿರಿಗೂ ಆಗುತ್ತದೆ. ನಮ್ಮ ದೇಶದಲ್ಲೇ ಹುಟ್ಟಿದ ಈ ಮಾತ್ರೆಯ ಹೆಸರು ಕೇಳದವರು ನಮ್ಮ ಊರುಗಳಲ್ಲಿ ಎಷ್ಟೋ ಜನ ಇದ್ದಾರೆ ಎಂಬುದು ನನಗೆ ನೋವಿನ ಸಂಗತಿ.

ತುರ್ತು ಮಾತ್ರೆಯ ಸುತ್ತ ತಪ್ಪು ತಿಳಿವಳಿಕೆ ದಟ್ಟವಾಗಿದೆ. ಅದು ಗರ್ಭಪಾತದ ಮಾತ್ರೆಯಲ್ಲ. ಅಂಡ ಬಿಡುಗಡೆಯಾಗುವುದನ್ನು ಮುಂದೂಡಿ ಗರ್ಭ ನಿಲ್ಲದಂತೆ ತಡೆಯುತ್ತದೆ. ಆಗಲೇ ನಿಂತ ಗರ್ಭವನ್ನು ಅಲುಗಿಸುವುದಿಲ್ಲ. ಸಂಭೋಗವಾದ 72 ಗಂಟೆಗಳೊಳಗೆ ನುಂಗಬೇಕು, ಬೇಗ ನುಂಗಿದಷ್ಟೂ ಒಳ್ಳೆಯದು. ಅದಕ್ಕೇ ‘ನಾಳೆ ಬಾ’ ಎನ್ನುವ ಅಂಗಡಿಯವರ ಮಾತು ಇಲ್ಲಿ ಬಹಳ ದುಬಾರಿಯಾಗುತ್ತದೆ. ಒಬ್ಬರೇ ಮತ್ತೆ ಮತ್ತೆ ಕೇಳಿಕೊಂಡು ಬಂದರೆ ಬೈಯಬೇಕಾಗಿಲ್ಲ. ‘ಅಮ್ಮಾ, ಇದು ಆಪತ್ತಿಗೆ ಮಾತ್ರ. ದಿನನಿತ್ಯದ ಮಾತ್ರೆಯೋ ಕಾಂಡೋಮೋ ಇದಕ್ಕಿಂತ ಗಟ್ಟಿ. ಇದನ್ನೇ ಪದೇ ಪದೇ ತಗೊಂಡ್ರೆ ಮುಟ್ಟು ಏರುಪೇರಾಗುತ್ತೆ’ ಎಂದರೆ ಸಾಕು. ಆ ಒಂದು ನಿಮಿಷದ ಮಾತು ಅವಳಿಗೆ ಬೇರೆಲ್ಲೂ ಸಿಗದೆ ಹೋಗಬಹುದು.

ಹಾಗಾದರೆ ಏನು ಮಾಡಬೇಕು? ಎಲ್ಲವೂ ಕೈಗೆಟುಕುವ ಕೆಲಸಗಳೇ.

ಮೊದಲನೆಯದಾಗಿ, ಕಾಂಡೋಮುಗಳನ್ನು ಗಾಜಿನ ಬೀರುವಿನಿಂದ ಹೊರಗೆ, ಬೆಲೆ ಕಾಣುವಂತೆ, ಗಿರಾಕಿ ತಾನೇ ಎತ್ತಿಕೊಳ್ಳುವ ಜಾಗದಲ್ಲಿಡಿ. ಬಿಸಿಲು ಬೀಳದ ಜಾಗವಾಗಿರಲಿ. ಕಾವಿಗೆ ಲ್ಯಾಟೆಕ್ಸ್ ಕೆಡುತ್ತದೆ. ಕೌಂಟರಿನ ಒಂದು ತುದಿಯಲ್ಲಿ, ಮಾತು ಪಕ್ಕದವರಿಗೆ ಕೇಳಿಸದಷ್ಟು ದೂರದಲ್ಲಿ, ಒಬ್ಬರು ನಿಲ್ಲುವಷ್ಟು ಜಾಗ ಬಿಡಿ. ಸಿಗುವ ವಿಧಾನಗಳ ಚಿತ್ರವಿರುವ ಒಂದು ಕಾರ್ಡು ಅಲ್ಲಿರಲಿ. ಬಾಯಿಬಿಟ್ಟು ಕೇಳಲಾರದವರು ಬೆರಳಿಟ್ಟು ತೋರಿಸಲಿ.

ಎರಡನೆಯದಾಗಿ, ಮಾತ್ರೆಯ ಪೊಟ್ಟಣದೊಳಗಿನ ಹಾಳೆ ಕನ್ನಡದಲ್ಲಿರಬೇಕು. ಒಂದು ಮಾತ್ರೆ ಮರೆತರೆ ನೆನಪಾದ ಕೂಡಲೇ ನುಂಗಿ, ಮುಂದಿನದನ್ನು ಎಂದಿನ ಹೊತ್ತಿಗೇ ತೆಗೆದುಕೊಳ್ಳಬೇಕು. ಸಾಲಾಗಿ ಎರಡಕ್ಕಿಂತ ಹೆಚ್ಚು ಬಿಟ್ಟುಹೋಗಿದ್ದರೆ ಮಾತ್ರೆ ಮುಂದುವರಿಸುತ್ತಾ ಏಳು ದಿನ ಕಾಂಡೋಮನ್ನೂ ಬಳಸಬೇಕು. ಇಷ್ಟು ಸರಳ ಸಂಗತಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಹೂತುಹೋಗಿರಬಾರದು. ಕಂಪನಿಗಳು ಮುದ್ರಿಸುವವರೆಗೆ ಔಷಧ ವ್ಯಾಪಾರಿಗಳ ಸಂಘವೇ ಒಂದು ಪುಟದ ಕನ್ನಡ ಹಾಳೆ ಮಾಡಿಸಿ ಹಂಚಬಹುದು.

ಮೂರನೆಯದು ತರಬೇತಿ. 2015ರ ಫಾರ್ಮಸಿ ವೃತ್ತಿ ನಿಯಮಾವಳಿ ಗಿರಾಕಿಗೆ ತಿಳಿವಳಿಕೆ ಕೊಡುವುದನ್ನು ಫಾರ್ಮಸಿಸ್ಟರ ಕೆಲಸದ ಭಾಗವಾಗಿಯೇ ಹೇಳುತ್ತದೆ. ಆದರೆ ಎಷ್ಟೋ ಅಂಗಡಿಗಳಲ್ಲಿ ಮಾಲು ಎತ್ತಿಕೊಡುವವನು ಕೆಲಸಕ್ಕಿರುವ ಹುಡುಗ. ಅವನಿಗೂ ಹೇಳಿಕೊಡಿ: ಮದುವೆಯ ವಿಚಾರ ಕೇಳಬಾರದು, ನಗಬಾರದು, ಇನ್ನೊಬ್ಬರ ಮುಂದೆ ಕೂಗಿ ಹೇಳಬಾರದು. ಸಾಧ್ಯವಿದ್ದಲ್ಲಿ ಹೆಣ್ಣುಮಕ್ಕಳನ್ನು ಕೌಂಟರಿಗೆ ನೇಮಿಸಿಕೊಳ್ಳಿ. ಫಾರ್ಮಸಿ ಓದುತ್ತಿರುವ ಹುಡುಗಿಯರು ನಮ್ಮ ಕಾಲೇಜುಗಳ ತುಂಬ ಇದ್ದಾರೆ.

ನಾಲ್ಕನೆಯದು, ಹೋಬಳಿಯ ಕಿರಾಣಿ ಅಂಗಡಿ. ಔಷಧಿ ಅಂಗಡಿಯೇ ಇಲ್ಲದ ಊರಿನಲ್ಲಿ ‘ಕೆ’ ಶೆಡ್ಯೂಲಿನ ವಿನಾಯಿತಿ ನೆರವಾಗಬೇಕಾದದ್ದು ಇಲ್ಲೇ. ಆಶಾ ಕಾರ್ಯಕರ್ತೆ, ಕಿರಾಣಿ ಅಂಗಡಿ, ಪ್ರಾಥಮಿಕ ಆರೋಗ್ಯ ಕೇಂದ್ರ ಈ ಮೂರೂ ಒಂದರ ಪರಿಚಯ ಒಂದಕ್ಕಿರುವಂತೆ ತಾಲ್ಲೂಕು ಆರೋಗ್ಯಾಧಿಕಾರಿಗಳು ನೋಡಿಕೊಳ್ಳಲಿ.

ಕೆಲವರು ಕೇಳುತ್ತಾರೆ: ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳ ಸಂಖ್ಯೆ 1.7ಕ್ಕೆ ಇಳಿದಿದೆ, ಇನ್ನೂ ಇದೆಲ್ಲ ಏಕೆ? ಗರ್ಭನಿರೋಧಕವನ್ನು ಜನಸಂಖ್ಯೆಯ ಲೆಕ್ಕಕ್ಕೆ ಕಟ್ಟಿಹಾಕಿದ್ದರಿಂದ ಹುಟ್ಟುವ ಪ್ರಶ್ನೆ ಇದು. ದೇಶಕ್ಕೆ ಎಷ್ಟು ಮಕ್ಕಳು ಬೇಕು ಎಂಬ ಲೆಕ್ಕ ಕಾಲಕಾಲಕ್ಕೆ ಬದಲಾಗುತ್ತದೆ. ತನಗೆ ಮಗು ಯಾವಾಗ ಬೇಕು, ಬೇಕೇ ಬೇಡವೇ ಎಂದು ನಿರ್ಧರಿಸುವ ಹೆಣ್ಣಿನ ಹಕ್ಕು ಬದಲಾಗುವುದಿಲ್ಲ. 2021ರಲ್ಲಿ ವೈದ್ಯಕೀಯ ಗರ್ಭಪಾತ ಕಾಯ್ದೆಗೆ ತಿದ್ದುಪಡಿ ಬಂದಾಗ, ಗರ್ಭನಿರೋಧಕ ವಿಫಲವಾದ ಸಂದರ್ಭವನ್ನು ವಿವರಿಸುವಲ್ಲಿ ‘ವಿವಾಹಿತ ಮಹಿಳೆ ಅಥವಾ ಅವಳ ಗಂಡ’ ಎಂದಿದ್ದುದು ‘ಮಹಿಳೆ ಅಥವಾ ಅವಳ ಸಂಗಾತಿ’ ಎಂದಾಯಿತು. ಸಂಸತ್ತು ಮದುವೆಯ ಪ್ರಶ್ನೆ ಕೇಳುವುದನ್ನು ಬಿಟ್ಟಿದೆ. ಅಂಗಡಿಯೂ ಬಿಡಬೇಕು.

ಗಂಡಸರಿಗೆ ನನ್ನ ಬೇಡಿಕೆ ಚಿಕ್ಕದು. ನೀವೇ ಅಂಗಡಿಗೆ ಹೋಗಿ, ಹೆಸರು ಹೇಳಿ, ಕೊಂಡು ತನ್ನಿ. ನಿಮ್ಮ ಹಿಂದೆ ನಿಂತ ಹುಡುಗ ಅದನ್ನು ನೋಡಲಿ. ಔಷಧ ವ್ಯಾಪಾರಿ ಬಂಧುಗಳೇ, ರಾತ್ರಿ ಹತ್ತಕ್ಕೂ ಬಾಗಿಲು ತೆರೆದಿರುವವರು ನೀವು, ಫೀಸಿಲ್ಲದೆ ಸಲಹೆ ಕೊಡುವವರು ನೀವು. ಊರಿನ ಆರೋಗ್ಯ ವ್ಯವಸ್ಥೆಯಲ್ಲಿ ನಿಮ್ಮಷ್ಟು ಹತ್ತಿರದಲ್ಲಿ ಯಾರೂ ಇಲ್ಲ. ಮುಂದಿನ ಸಲ ಒಬ್ಬಳು ಹೆಣ್ಣುಮಗಳು ಹಿಂಜರಿಯುತ್ತಾ ನಿಂತದ್ದು ಕಂಡರೆ ‘ಈ ಕಡೆ ಬನ್ನಿ ಅಮ್ಮಾ, ಏನು ಬೇಕಿತ್ತು?’ ಎಂದು ನೀವೇ ಮೊದಲು ಕೇಳಿ. ಕಾನೂನು ಅವಳಿಗೆ ಕೊಟ್ಟಿರುವುದನ್ನು ಅವಳ ಕೈಗೆ ಮುಟ್ಟಿಸುವ ಕೆಲಸ ನಿಮ್ಮದು. ಅದನ್ನು ಈ ವರ್ಷವೇ, ಈ ಊರಿನಿಂದಲೇ ಶುರುಮಾಡಿ ಎಂದು ಕೇಳಿಕೊಳ್ಳುತ್ತೇನೆ.